ಮಾತು ಬಿಟ್ಟವರ ಟೆನಿಸ್

ಯಾವ ಕಾರ್ಯಕ್ರಮವನ್ನು ಎಷ್ಟು ಮನೆಗಳು ನೋಡಿದವು ಎಂದು ಪಟ್ಟಿ ಮಾಡುವುದು ಆಕೆಯ ಕೆಲಸ. ಟಿವಿ ಚಾನೆಲ್ಲಿನ ಮೂರನೇ ಮಹಡಿಯಲ್ಲಿ, ಜೆರಾಕ್ಸ್ ಯಂತ್ರದ ಬಿಸಿಗಾಳಿ ಬಡಿಯುವ ಮೇಜಿನಲ್ಲಿ ಹತ್ತೊಂಬತ್ತು ವರ್ಷ ಅದನ್ನೇ ಮಾಡಿದ್ದರಿಂದ ಕಚೇರಿಗೆಲ್ಲ ಅವಳು ಅಂಕಿ ಅಕ್ಕ.

ಆ ವರ್ಷ ಚಾನೆಲ್ಲು ಟೆನಿಸ್ ಪ್ರಸಾರದ ಹಕ್ಕು ತಂದಿತ್ತು. ಫೈನಲ್ ಪಂದ್ಯಗಳನ್ನು ನಾಯಿಯೂ ಮೂಸಲಿಲ್ಲ. ಆದರೆ ಒಂದು ಮಂಗಳವಾರ ಮಧ್ಯಾಹ್ನ, ಮೂವತ್ತೈದು ದಾಟಿದ ಇಬ್ಬರು ಆಟಗಾರ್ತಿಯರ ಎರಡನೇ ಸುತ್ತಿನ ಪಂದ್ಯಕ್ಕೆ ಅರ್ಧ ಊರೇ ಟಿವಿ ಮುಂದೆ ಕೂತಿತ್ತು. ಕಾರಣ ತಿಳಿಯಲು ಮುಖ್ಯಸ್ಥರು ಸಲಹೆಗಾರನೊಬ್ಬನನ್ನು ಕರೆಸಿದರು. ಅವನ ಎಂಬತ್ತು ಪುಟದ ವರದಿಯ ಪ್ರಕಾರ, ಜನ ಮರುಳಾದದ್ದು ಹಸಿರು ಅಂಕಣದ ಮೇಲೆ ಹಳದಿ ಚೆಂಡು ಒಪ್ಪಿದ ರೀತಿಗೆ.

ಅಂಕಿ ಅಕ್ಕ ಆ ಮಂಗಳವಾರ ಹಲ್ಲುನೋವೆಂದು ಮನೆಯಲ್ಲಿದ್ದಳು. ರ‍್ಯಾಕೆಟ್ಟನ್ನು ಜನ್ಮದಲ್ಲಿ ಮುಟ್ಟದ ಅತ್ತೆ, ಬಟಾಣಿ ಬಿಡಿಸುವುದನ್ನು ಮರೆತು ಸೋಫಾದ ಅಂಚಿಗೆ ಬಂದು ಕೂತಿದ್ದರು.

"ನಿಮಗೆ ಈ ಆಟ ಗೊತ್ತಾಗುತ್ತಾ ಅತ್ತೆ?"

"ಆಟ ಯಾರಿಗೆ ಬೇಕು? ಇವರಿಬ್ರೂ ಹನ್ನೆರಡು ವರ್ಷ ಜೋಡಿಯಾಗಿ ಆಡಿದೋರಂತೆ. ಈಗ ಮಾತು ಬಿಟ್ಟು ಆರು ವರ್ಷ. ಕೊನೇಲಿ ಕೈ ಕುಲುಕಲೇಬೇಕಲ್ಲ, ಅದನ್ನ ನೋಡ್ಬೇಕು."

ಮೇಲಿನ ಮನೆಯಿಂದಲೂ ಅದೇ ಪಂದ್ಯದ ಸದ್ದು. ಅಲ್ಲಿದ್ದದ್ದು ಅತ್ತೆಯ ಓರಗಿತ್ತಿ. ಹೊಲಿಗೆ ಯಂತ್ರವೊಂದರ ವಿಷಯಕ್ಕೆ ಇಬ್ಬರ ನಡುವೆ ಮಾತು ನಿಂತು ಒಂಬತ್ತು ವರ್ಷವಾಗಿತ್ತು.

ಮೂರನೇ ಸೆಟ್ಟಿನಲ್ಲಿ ಕೆಳಮನೆಯ ಫ್ಯೂಸ್ ಹೋಯಿತು. ಅತ್ತೆ ಕಪ್ಪು ಪರದೆಯನ್ನು ಸ್ವಲ್ಪ ಹೊತ್ತು ದುರುಗುಟ್ಟಿ ನೋಡಿ, ಎದ್ದು ಮೆಟ್ಟಿಲು ಹತ್ತಿದರು. ಸೊಸೆ ದವಡೆ ಹಿಡಿದುಕೊಂಡೇ ಹಿಂದೆ ಹೋದಳು. ಓರಗಿತ್ತಿ ಬಾಗಿಲು ತೆಗೆದಳು.

"ಐದು-ನಾಲ್ಕು" ಎಂದು ಒಳಗೆ ಬಿಟ್ಟುಕೊಂಡಳು.

ಪಂದ್ಯ ಮುಗಿದಾಗ ಆಟಗಾರ್ತಿಯರು ಬೆರಳ ತುದಿ ಸೋಕಿಸಿ ಮುಖ ತಿರುಗಿಸಿದರು.

"ಸಣ್ಣ ಬುದ್ಧಿ" ಎಂದರು ಅತ್ತೆ.

"ಇಬ್ರದ್ದೂ" ಎಂದಳು ಓರಗಿತ್ತಿ.

ಅಂಕಿ ಅಕ್ಕ ಕಚೇರಿಯ ಸಭೆಯಲ್ಲಿ ಇದನ್ನೆಲ್ಲ ಹೇಳಿದಳು. ಮುಖ್ಯಸ್ಥರು ತಲೆಯಾಡಿಸಿದರು. "ಅಂದ್ರೆ ಜಗಳ ಬೇಕು."

"ಜಗಳ ಅಲ್ಲ ಸಾರ್. ರಾಜಿ ಆಗುತ್ತೋ ಇಲ್ವೋ ಅನ್ನೋ ಅನುಮಾನ."

"ಅದೇ ನಾನೂ ಹೇಳಿದ್ದು" ಎಂದು ಅವರು 'ಜಗಳ' ಅಂತ ಬರೆದು ಎರಡು ಗೆರೆ ಎಳೆದರು.

ಮುಂದಿನ ಫೈನಲ್ಲಿಗೆ ಬಂದವರು ಹಸುವಿನಂಥ ಇಬ್ಬರು ಹುಡುಗರು. ಅವರ ನಡುವೆ ಜಗಳ ಹುಡುಕಿ ಹುಡುಕಿ ಚಾನೆಲ್ಲಿಗೆ ಸಿಕ್ಕಿದ್ದು ಇಷ್ಟು: ಸುದ್ದಿಗೋಷ್ಠಿಯಲ್ಲಿ ಒಬ್ಬ ಮಾತಾಡುವಾಗ ಇನ್ನೊಬ್ಬ ಕೆಮ್ಮಿದ್ದ. ಚಾನೆಲ್ಲು ಆ ಕೆಮ್ಮನ್ನು ನಗಾರಿ ಸಮೇತ ಎರಡು ದಿನ ಹಗಲೂ ರಾತ್ರಿ ತೋರಿಸಿತು. ಪಂದ್ಯದ ದಿನ ಊರೆಲ್ಲ ಟಿವಿ ಹಾಕಿತು. ಮೊದಲ ಬಿಡುವಿನಲ್ಲೇ ಹುಡುಗರು ಒಂದೇ ಬೆಂಚಿನಲ್ಲಿ ಕೂತು ಮಂಡಿನೋವಿನ ಮಾತಾಡುತ್ತಾ ನಕ್ಕರು. ಕಾಲು ಗಂಟೆಯೊಳಗೆ ಮುಕ್ಕಾಲು ಪಾಲು ಮನೆಗಳು ಚಾನೆಲ್ ಬದಲಿಸಿದವು.

ಕೆಮ್ಮು ಸಾಲಲಿಲ್ಲ ಎಂದು ಸಭೆ ತೀರ್ಮಾನಿಸಿತು. ಅಂಕಣಕ್ಕೆ ಕೆಂಪು ಬಣ್ಣ ಬಳಿಯಬೇಕೆಂದು ಸಲಹೆಗಾರ ಹೊಸ ವರದಿ ಕೊಟ್ಟ. ತಪ್ಪು ಸಲಹೆ ಕೊಟ್ಟಳೆಂದು ಅಂಕಿ ಅಕ್ಕನನ್ನು ಹವಾಮಾನ ವಿಭಾಗಕ್ಕೆ ಹಾಕಿದರು. ಅಲ್ಲಿ ಕಿಟಕಿಯಿತ್ತು. ಬರುತ್ತದೆಂದ ಮಳೆ ಬರದಿದ್ದಾಗ ಯಾರೂ ಅವಳನ್ನು ಕಾರಣ ಕೇಳುತ್ತಿರಲಿಲ್ಲ.