ಲೂವಿಸ್ ಪೊರ್ಬುಗಳ ಭಟ್ಟಿ

ಲೂವಿಸ್ ಪೊರ್ಬುಗಳು ಲೋಟವನ್ನು ಎತ್ತಿ ಬೆಳಕಿಗೆ ಹಿಡಿಯದೆ ಒಂದು ಗುಟುಕು ನೀರು ಕುಡಿದವರಲ್ಲ. ಮದುವೆ ಊಟದಲ್ಲೂ ಹಾಗೆಯೇ. ಬಡಿಸುವವರಿಗೆ ಸಿಟ್ಟು ಬರುತ್ತಿತ್ತು. ಬೆಳ್ತಂಗಡಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ಅವರು ಕಂಪೌಂಡರ್, ನಾನು ನರ್ಸು. ಕ್ರಿಸ್ತಾನರನ್ನು ನಮ್ಮ ಕಡೆ ಮರ್ಯಾದೆಗೆ ಪೊರ್ಬುಗಳು ಎನ್ನುವುದು.

"ನೀರಿಗೂ ಜಾತಿ ಉಂಟು ಸಿಸ್ಟರ್. ಹುಟ್ಟಿನಿಂದ ಬರುವುದಲ್ಲ, ಬೆಂಕಿಯಿಂದ," ಎನ್ನುತ್ತಿದ್ದರು. "ಬಾವಿಯದ್ದು ಕೈ ತೊಳೆಯಲಿಕ್ಕೆ, ಕುದಿಸಿದ್ದು ಮಿಕ್ಸ್ಚರಿಗೆ, ಭಟ್ಟಿ ಇಳಿಸಿದ್ದು ಕಣ್ಣಿನ ಮದ್ದಿಗೆ. ಸಲೈನಿಗೆ ಮಾತ್ರ ಇವತ್ತೇ ಇಳಿಸಿ ಇವತ್ತೇ ಬೇಯಿಸಿದ್ದು. ನಿನ್ನೆಯದ್ದು ಜಾತಿ ಕೆಟ್ಟಿತು." ಹಳೆಯ ನೀರು ರಕ್ತಕ್ಕೆ ಹೋಗಿ, ನಡುಕದ ಜ್ವರ ಬಂದು ಸತ್ತವನೊಬ್ಬನನ್ನು ಅವರು ಕಂಡಿದ್ದರಂತೆ. ಆ ಹೆದರಿಕೆ ಅವರನ್ನು ಬಿಟ್ಟಿರಲಿಲ್ಲ.

ಪಾನನಿರೋಧದ ಕಾಲ ಅದು. ಪೊರ್ಬುಗಳ ನಾಲಗೆ ಸುಮ್ಮನಿರಬೇಕಲ್ಲ! ತಾಮ್ರದ ಹಂಡೆಯ ನಳಿಗೆಯಿಂದ ನೀರು ತೊಟ್ಟಿಕ್ಕುವಾಗ, "ನಮ್ಮ ಭಟ್ಟಿಯ ಸುದ್ದಿ ಯಾರಿಗೂ ಹೇಳಬೇಡಿ ಮಾರಾಯ್ರೆ," ಎಂದು ಕಣ್ಣು ಮಿಟುಕಿಸುವರು. ನಾವು ನಗುತ್ತಿದ್ದೆವು. ಗುಡಿಸುವ ಗಿರಿಜಕ್ಕ ಮಾತ್ರ ಅದು ಸಾರಾಯಿಯೇ ಎಂದು ನಂಬಿದ್ದರು. ನಂಬಿಯೂ ವರ್ಷಗಟ್ಟಲೆ ಬಾಯಿ ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಪೊರ್ಬುಗಳು ಊಟಕ್ಕೆ ಹೋಗಿದ್ದಾಗ ಪೇಟೆಗೆ ಪೊಲೀಸ್ ಜೀಪು ಬಂತು. ಗಿರಿಜಕ್ಕ ಅಂದಿನ ನೀರನ್ನೆಲ್ಲ ಅಂಗಳಕ್ಕೆ ಚೆಲ್ಲಿ, ನಳಿಗೆಯನ್ನು ತುಂಬಿದ ಹೊಳೆಗೆ ಎಸೆದು ಬಂದರು. ಊಟ ಮುಗಿಸಿ ಬಂದವರಿಗೆ, "ಹೆದರಬೇಡಿ ಪೊರ್ಬುಗಳೇ, ಒಂದು ಹನಿ ಇಲ್ಲ," ಎಂದರು. ಜೀಪು ಬೇರೇನೋ ಕೆಲಸಕ್ಕೆ ಬಂದದ್ದು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆಗೆ ನೆರಿಯ ಎಂಬ ಹಳ್ಳಿಯಿಂದ ವಾಂತಿಭೇದಿಯಾದ ಹೆಂಗಸೊಬ್ಬಳನ್ನು ಹೊತ್ತು ತಂದರು. ಸಲೈನ್ ಬೇಕು, ನಳಿಗೆಯಿಲ್ಲದೆ ಹೊಸ ನೀರು ಇಳಿಸುವ ಹಾಗಿಲ್ಲ. ಇದ್ದದ್ದು ಕಣ್ಣಿನ ಮದ್ದಿಗೆಂದು ಕಪಾಟಿನಲ್ಲಿ ಉಳಿದಿದ್ದ ನಿನ್ನೆಯ ಒಂದು ಬಾಟಲಿ ನೀರು.

"ಇದರಲ್ಲೇ ಮಾಡಿ ಹಾಕುವುದಾ?" ಡಾಕ್ಟರು ಕೇಳಿದರು.

ಪೊರ್ಬುಗಳು ಬಾಟಲಿಯನ್ನು ಬೆಳಕಿಗೆ ಹಿಡಿದರು. ಕಸವಿಲ್ಲ, ಕಲೆಯಿಲ್ಲ. "ಬೇಡ. ಮಂಗಳೂರಿಗೆ ಕಳುಹಿಸುವ."

ಹೆಂಗಸಿನ ಜೀವ ದಾರಿಯ ಬಂಟ್ವಾಳ ದಾಟಲಿಲ್ಲ.

ಗಿರಿಜಕ್ಕನಿಗೆ ಅವರು ಒಂದು ಮಾತು ಬೈಯಲಿಲ್ಲ. ತಮಾಷೆ ಮಾಡುವುದನ್ನು ಬಿಟ್ಟುಬಿಟ್ಟರು.

ಕೊನೆಗೆ ಅವರನ್ನು ಕಂಡದ್ದು ಮೂಡುಬಿದಿರೆಯ ಆಸ್ಪತ್ರೆಯಲ್ಲಿ, ಅವರೇ ರೋಗಿಯಾಗಿ ಮಲಗಿದ್ದಾಗ. ಅಷ್ಟರಲ್ಲಿ ಸಲೈನ್ ಕಂಪೆನಿಯಿಂದಲೇ ಸೀಲಾಗಿ ಬರುತ್ತಿತ್ತು. ತಲೆಯ ಮೇಲೆ ತೂಗುತ್ತಿದ್ದ ಬಾಟಲಿಯನ್ನು ಅವರು ಬಹಳ ಹೊತ್ತು ದಿಟ್ಟಿಸಿದರು.

"ಇದು ಯಾವತ್ತಿನ ನೀರು ಸಿಸ್ಟರ್?"

ಚೀಟಿ ಓದಿ ಹೇಳಿದೆ: "ಹೋದ ವರ್ಷದ್ದು. ಸೀಲ್ ಮಾಡಿ ಬೇಯಿಸಿದ್ದಲ್ಲವಾ, ಏನೂ ಆಗುವುದಿಲ್ಲ."

"ಹೋದ ವರ್ಷದ್ದು," ಎಂದರು ಪೊರ್ಬುಗಳು. "ಅವಳಿಗೆ ನಾನು ಬೇಡ ಎಂದದ್ದು ಬರೇ ನಿನ್ನೆಯದ್ದು."