ಡೊನೆಗಾಲ್‌ಗೆ ಹೋಗುವವರಿಗೆ ನನ್ನ ಸಲಹೆ

ನೈರೋಬಿಯ ಕಿಲಿಮಾನಿಯಲ್ಲಿ ಟ್ರಾವೆಲ್ ಏಜೆಂಟ್ ಆಗಿದ್ದಾಗ, ಕಾಣದ ಊರುಗಳನ್ನೆಲ್ಲ ಕಂಡವನ ಹಾಗೆ ವರ್ಣಿಸುತ್ತಿದ್ದೆ. ಒಂದು ದಿನ ಅದೇ ಊರಿನ ಸೌತ್ ಬಿ ಬಡಾವಣೆಯಿಂದ ನಮ್ಮ ಮೈಸೂರಿನ ಡಾಕ್ಟರೊಬ್ಬರು ಬಂದರು. ರಜೆಗೆ ಐರ್ಲೆಂಡಿನ ಕಡಲತೀರದ ಡೊನೆಗಾಲ್ ಜಿಲ್ಲೆಗೆ ಹೊರಟಿದ್ದರು.

"ಬಂಡೆ ಮೇಲಿಂದ ಸಮುದ್ರ ನೋಡೋಕೆ ಬೆಳಿಗ್ಗೇನೇ ಹೋಗಿ ಸಾರ್, ಆಮೇಲೆ ಮಂಜು ಮುಸುಕುತ್ತೆ. ಬಂದರಿನ ಹತ್ತಿರ ಮೀನಿನ ಸೂಪು ಬಿಡಲೇಬೇಡಿ," ಅಂದೆ.

"ನಾವು ವೆಜ್ಜು ಕಣ್ರೀ."

"ಹಾಗಾದ್ರೆ ಆಲೂಗಡ್ಡೆ ಸೂಪು. ನಾನೇ ಎರಡು ಸಲ ಹಾಕಿಸ್ಕೊಂಡೆ!"

ಡಾಕ್ಟರು ಖುಷಿಯಿಂದ ಹೋದರು. ಆಮೇಲೆ, ಅಲ್ಲೇ ಕಾಯುತ್ತ ಕೂತಿದ್ದ ವಯಸ್ಸಾದ ಕ್ರೈಸ್ತ ಸನ್ಯಾಸಿನಿಯೊಬ್ಬರು ಎದ್ದು ಬಂದು ಇಂಗ್ಲಿಷಿನಲ್ಲಿ ಹೇಳಿದರು: "ನಿಮ್ಮ ಮಾತಿನಲ್ಲಿ ನನಗೆ ತಿಳಿದದ್ದು ಡೊನೆಗಾಲ್ ಒಂದೇ. ಅದು ನಾನು ಹುಟ್ಟಿದ ಊರು."

ನಾನು ಅವಸರದಲ್ಲಿ ಕುರ್ಚಿ ಎಳೆದುಕೊಟ್ಟೆ. ಅವರು ಕೂತು ಮಾತು ಮುಂದುವರಿಸಿದರು.

"ಇಲ್ಲಿ ಪಾಠ ಹೇಳುತ್ತಲೇ ನಲವತ್ತು ವರ್ಷವಾಯಿತು, ಒಮ್ಮೆಯೂ ಹೋಗಿಲ್ಲ. ಈಗ ಹೊರಟಿದ್ದೇನೆ, ಅಲ್ಲಿ ನಮ್ಮವರು ಯಾರೂ ಉಳಿದಿಲ್ಲ. ಏನು ನೋಡಲಿ, ಎಲ್ಲಿ ಊಟ ಮಾಡಲಿ, ನನಗೂ ಸ್ವಲ್ಪ ಹೇಳಿ."

ಬಂಡೆ, ಮಂಜು, ಸೂಪು, ಎಲ್ಲ ಮತ್ತೆ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಶ್ರದ್ಧೆಯಿಂದ ಬರೆದುಕೊಂಡರು. ನಾನೇ ಎರಡು ಸಲ ಹಾಕಿಸಿಕೊಂಡೆ ಅನ್ನುವುದನ್ನು ಮಾತ್ರ ಅವರ ಮುಂದೆ ಹೇಳಲು ಬಾಯಿ ಬರಲಿಲ್ಲ.