ನಾಯಿಗೆ ಬಹುವಚನ

ನಮ್ಮ ಜಾವಗಲ್ಲಿನ ದನದ ಡಾಕ್ಟರು ಇಂದ್ರೇಶ್ ಅವರದು ನಾಯಿ ಬೆಕ್ಕಿಗೆ ಬಹುವಚನ, ಸಾಕಿದವರು ಎಷ್ಟೇ ದೊಡ್ಡವರಾದರೂ ಏಕವಚನ. ಬೆಕ್ಕು ಪರಚಿದರೆ "ತಪ್ಪಾಯ್ತು ಅಮ್ಮಾವ್ರೇ" ಎನ್ನುತ್ತಾರೆ, ತಂದವನಿಗೆ "ಏನ್ಲಾ ತಿನ್ಸಿದ್ದೆ?" ಎಂದು ಗದರುತ್ತಾರೆ. ಕಣ್ಣು ಹಳದಿಯಾಗಲಿ, ಕೂದಲು ಉದುರಲಿ, ವಿಚಾರಣೆ ಶುರುವಾಗುವುದು ಮನೆಯಿಂದಲೇ. ನಿನ್ನೆಯ ಸಾರು ಯಾವುದೆಂದು ಹೇಳದೆ ಯಾರಿಗೂ ಬಿಡುಗಡೆಯಿಲ್ಲ. ಮೊನ್ನೆ ತೆಂಗಿನ ತೋಟದ ಹನುಮಯ್ಯ ತನ್ನ ನಾಯಿಯನ್ನು ಹಗ್ಗ ಬಿಗಿದು ತಂದ. ಅದರ ಬಾಯಿ ಮುಚ್ಚುತ್ತಿರಲಿಲ್ಲ, ಜೊಲ್ಲು ಒಂದೇ ಸಮನೆ ಸುರಿಯುತ್ತಿತ್ತು. "ಹುಚ್ಚು ಹಿಡಿದೈತೆ ಸಾ, ನೀರೂ ಕುಡೀತಿಲ್ಲ. ಗುಂಡಿ ತೋಡಿಟ್ಟೇ ಬಂದಿವ್ನಿ" ಎಂದು ಕಣ್ಣೊರೆಸಿಕೊಂಡ. "ಮನೇಲಿ ಏನ್ಲಾ ಕೆಲಸ ನಡೀತೈತೆ?" "ಕೊಬ್ಬರಿ ಒಡೀತಿದೀವಿ ಸಾ." ಡಾಕ್ಟರು ಗ್ಲೌಸಿನ ಮೇಲೆ ಗ್ಲೌಸು ಹಾಕಿಕೊಂಡು, ಬಾಯಿಗೆ ಕೋಲು ಅಡ್ಡ ಕೊಟ್ಟು, ಟಾರ್ಚು ಬಿಟ್ಟು ನೋಡಿದರು. "ಸ್ವಲ್ಪ ತಡ್ಕೊಳ್ಳಿ ಸ್ವಾಮಿ" ಎನ್ನುತ್ತ, ಮೇಲಿನ ಹಲ್ಲುಗಳ ನಡುವೆ ಅಡ್ಡ ಸಿಕ್ಕಿಕೊಂಡಿದ್ದ ಕೊಬ್ಬರಿ ಚಿಪ್ಪಿನ ಚೂರನ್ನು ಇಕ್ಕಳದಿಂದ ಕಿತ್ತರು. ನಾಯಿ ಬಾಯಿ ಮುಚ್ಚಿತು, ತೆರೆಯಿತು, ಪಕ್ಕದ ಬಕೆಟ್ಟಿಗೆ ಮುಖವಿಟ್ಟು ನೀರು ಕುಡಿಯತೊಡಗಿತು. ಅದನ್ನು ನೋಡುತ್ತ ಡಾಕ್ಟರು ನೆಲದ ಮೇಲೇ ಕೂತರು. ಗ್ಲೌಸುಗಳನ್ನು ಒಂದೊಂದಾಗಿ ಬಿಚ್ಚಿ, ಬರಿಗೈಯಲ್ಲಿ ಅದರ ಬೆನ್ನು ಸವರಿದರು. ಕೊನೆಗೆ ಹನುಮಯ್ಯನತ್ತ ತಿರುಗಿ ಗದರಿದರು: "ಆ ಗುಂಡೀಲಿ ಒಂದು ತೆಂಗಿನ ಸಸಿ ನೆಡ್ಲಾ. ಎಳನೀರಿಗೆ ಇವ್ರೂ ನಾನೂ ಬತ್ತೀವಿ."